ನಾನೂರ ಹದಿನೇಳು ಅನಾಥ ಕಡತಗಳು

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ನನ್ನ ತಪ್ಪು ಏನೇನೂ ಇಲ್ಲ. ಪೆನ್‌ಡ್ರೈವ್ ವಿಚಾರ ಒಂದನ್ನು ಬಿಟ್ಟು. ಅದನ್ನು ಸಮಯ ಬಂದಾಗ ನಾನೇ ಒಪ್ಪಿಕೊಳ್ಳುತ್ತೇನೆ, ಯಾರೂ ಅವಸರಪಡಬೇಕಾಗಿಲ್ಲ.

ತಪ್ಪೆಲ್ಲ ನಮ್ಮ ಭಾವ ನಾಗಭೂಷಣ ಅವರದು. ಅವರು ಚಳ್ಳಕೆರೆಯ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದವರು. ಹಳೆಯ ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಡುವ ಗಂಟಿಗೆ ಅಲ್ಲಿ ರುಮಾಲು ಎನ್ನುತ್ತಾರೆ. ಭಾವ ಕಟ್ಟಿದ ರುಮಾಲನ್ನು ಇನ್ನೊಬ್ಬರು ಬಿಚ್ಚಿದ ಉದಾಹರಣೆ ಇಲ್ಲ. ಯಾವ ಕಾಗದ ಯಾವ ರುಮಾಲಿನಲ್ಲಿದೆ ಎಂದು ಅವರು ನಿದ್ದೆಯಲ್ಲೂ ಬಡಬಡಿಸುತ್ತಿದ್ದರಂತೆ. ಎಚ್ಚರವಿದ್ದಾಗ ಬಂದು ಕೇಳಿದವರಿಗೆ ಮಾತ್ರ "ನಾಳೆ ಬಾ" ಎನ್ನುತ್ತಿದ್ದರು.

ನಿವೃತ್ತರಾಗಿ ಹೆಂಡತಿಯ ಊರಾದ ಮೊಳಕಾಲ್ಮುರಿಗೆ ಬಂದು ನೆಲೆಸಿದ ಮೇಲೆ ಅವರ ಕಣ್ಣು ನಮ್ಮಕ್ಕ ಕಮಲಾಕ್ಷಮ್ಮನ ಅಡುಗೆಮನೆಯ ಮೇಲೆ ಬಿತ್ತು. ಒಂದೇ ವಾರದಲ್ಲಿ ಉಪ್ಪು, ಸಾಸಿವೆ 'ಎ ವರ್ಗ, ಶಾಶ್ವತ' ಆದವು. ಹುಣಸೆಹಣ್ಣು 'ಬಿ ವರ್ಗ, ಮೂವತ್ತು ವರ್ಷ'. ಕೊತ್ತಂಬರಿ ಸೊಪ್ಪು 'ಇ ವರ್ಗ, ಪರಿಶೀಲಿಸಿ ನಾಶಪಡಿಸುವುದು'. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿರುವಾಗ ಇಂಗಿಗಾಗಿ ಕೋರಿಕೆ ಚೀಟಿ ಬರೆದುಕೊಡಬೇಕಾಗಿ ಬಂದ ದಿನ ಅಕ್ಕ ಸೀದಾ ನನ್ನ ಹತ್ತಿರ ಬಂದಳು. ನಾನು ಓಂಕಾರಮೂರ್ತಿ, ಇಪ್ಪತ್ತೆಂಟು ಮಗ್ಗಗಳ ಒಂದು ಸಣ್ಣ ನೇಕಾರರ ಸಂಘಕ್ಕೆ ಕಾರ್ಯದರ್ಶಿ.

"ಓಂಕಾರ, ಇವರನ್ನ ನಿನ್ನ ಸಂಘದಾಗೆ ಎಲ್ಲಾದ್ರೂ ಕೂರಿಸು. ಸಂಬಳ ಬ್ಯಾಡ, ಏನೂ ಬ್ಯಾಡ. ಹತ್ತಕ್ಕೆ ಹೋಗಿ ಐದೂವರೆಗೆ ಬಂದ್ರೆ ನನ್ನ ಜೀವ ಉಳೀತೈತೆ."

"ಅಕ್ಕ, ನಮ್ಮಲ್ಲಿ ದಾಖಲೆ ಅಂತ ಇರೋದೇ ಒಂದು ಬೀರು."

"ಬೀರು ಐತಲ್ಲ! ಅಷ್ಟು ಸಾಕು."

ಹೀಗೆ ಭಾವ ನಮ್ಮ ಸಂಘದ ಗೌರವ ದಾಖಲೆ ಪಾಲಕರಾದರು. ಬೀರು ಮೂರೇ ದಿನದಲ್ಲಿ ಮುಗಿದುಹೋಯಿತು. ಉಳಿದದ್ದು ಕಂಪ್ಯೂಟರು. ಅದು ನಿರ್ಮಲಾ ಎಂಬ ಹುಡುಗಿಯ ರಾಜ್ಯ.

ನಿರ್ಮಲಾ ದೇವಸಮುದ್ರದವಳು. ನಮ್ಮ ರೇಷ್ಮೆ ಸೀರೆಗಳಿಗೆ ವಿನ್ಯಾಸ ಬರೆಯುತ್ತಾಳೆ. ಎಂಟು ತಿಂಗಳಿಂದ ಅವಳು ಒಂದೇ ಒಂದು ಅಂಚಿನ ಹಿಂದೆ ಬಿದ್ದಿದ್ದಳು. ಅದರ ಹೆಸರು ಹುಣಸೆ ಚಿಗುರು. ಅರವತ್ತು ವರ್ಷದ ಹಿಂದೆ ನಮ್ಮ ನೇಕಾರ ಹುಲಿಯಪ್ಪನ ತಾಯಿ ಲಕ್ಷ್ಮಕ್ಕ, ಅತ್ತೆಯ ಪಕ್ಕ ಕೂತು ಅದನ್ನು ನೇಯ್ದವಳು. ಆಮೇಲೆ ಅದನ್ನು ಯಾರೂ ನೇಯಲಿಲ್ಲ. ಈಗ ಆ ಅಂಚಿನ ಸೀರೆ ಒಂದೂ ಉಳಿದಿಲ್ಲ, ಬರೆದ ಹಾಳೆಯೂ ಇಲ್ಲ. ಉಳಿದಿದ್ದದ್ದು ಲಕ್ಷ್ಮಕ್ಕನ ತಲೆಯಲ್ಲಿ ಮಾತ್ರ. ಮೊಮ್ಮಗಳು ಮಾಲಾಳ ಮದುವೆಗೆ ಅದೇ ಅಂಚಿನ ಸೀರೆ ಆಗಬೇಕು ಎಂದು ಮುದುಕಿ ಹಟ ಹಿಡಿದಿದ್ದಳು.

ಅಜ್ಜಿಗೆ ಕಣ್ಣು ಮಂಜು. ಆದ್ದರಿಂದ ನಿರ್ಮಲಾ ಸಾಲು ಸಾಲಾಗಿ ಓದುವುದು, ಅಜ್ಜಿ ಕೇಳಿ ತಿದ್ದುವುದು. ಗಡಿ ಸೀಮೆಯಲ್ಲವೇ, ಅಜ್ಜಿಯ ಎಣಿಕೆಯೆಲ್ಲ ತೆಲುಗಿನಲ್ಲಿ; ಮೂರು ಎಳೆ ಎತ್ತು, ಎರಡು ಬಿಡು, ಮತ್ತೆ ಒಂದು ಎತ್ತು ಎನ್ನುವುದನ್ನು ಹೀಗೆ ಹೇಳುವಳು. "ಮೂಡು ಎತ್ತು, ರೆಂಡು ವದುಲು, ಮಳ್ಳಿ ಒಕಟಿ ಎತ್ತು. ಊಹ್ಞೂ, ತಪ್ಪು, ಒಂದು ಎಳೆ ಆಚೆಗೆ ತಗ." ಹೀಗೆ ತಿದ್ದಿಸಿ ತಿದ್ದಿಸಿ ನೂರ ನಲವತ್ತಮೂರು ಕರಡುಗಳಾದವು. ಅದರಲ್ಲಿ ಆರು ಸಲ, ಸೋಮವಾರ ತಿದ್ದಿಸಿದ್ದನ್ನು ಗುರುವಾರ ಕೇಳಿ, "ಮೊದಲಿದ್ದದ್ದೇ ಸರಿಯಾಗಿತ್ತು ಮಗಾ" ಎಂದಳು.

ಅದಕ್ಕೇ ನಿರ್ಮಲಾ ಗಿಟ್ ಎಂಬ ತಂತ್ರಾಂಶ ಹಾಕಿಕೊಂಡಿದ್ದಳು. ಹೊಸ ಕರಡು ಬಂದರೂ ಹಳೆಯದನ್ನು ಅಳಿಸದೆ, ಪ್ರತಿಯೊಂದನ್ನೂ ಕಣ್ಣಿಗೆ ಬೀಳದ ತನ್ನದೊಂದು ಒಳಕೋಣೆಯಲ್ಲಿ ಎತ್ತಿಡುವುದು ಅದರ ಕೆಲಸ. ಬೇಕೆಂದಾಗ ಯಾವ ದಿನದ ಕರಡನ್ನಾದರೂ ಹೊರಗೆ ತೆಗೆದು ಮೇಜಿನ ಮೇಲೆ ಹರಡಿಕೊಳ್ಳಬಹುದು. "ಇದರದೊಂದು ನಕಲು ಬೇರೆ ಕಡೆ ಇರಬೇಕು, ಒಂದು ಪೆನ್‌ಡ್ರೈವ್ ಕೊಡಿಸಿ ಸಾರ್" ಎಂದು ಅವಳು ನನ್ನನ್ನು ಮೂರು ಸಲ ಕೇಳಿದ್ದಳು. ಮೂರು ಸಲವೂ ನಾನು "ಮುಂದಿನ ಸಭೆ ಮುಂದೆ ಇಡೋಣ" ಎಂದಿದ್ದೆ. ಇಗೋ, ಒಪ್ಪಿಕೊಂಡೆ. ಮುಂದೆ ಹೋಗೋಣ.

ಅಂಚು ಕೊನೆಗೂ ಮುಗಿದಿತ್ತು. ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ರಟ್ಟುಗಳಿಗೆ ತೂತು ಹೊಡೆಯುವವನು ಧರ್ಮಾವರದಿಂದ ಬುಧವಾರ ಬರುವವನಿದ್ದ. ಆ ದಿನ ತಪ್ಪಿದರೆ ಅವನು ಮತ್ತೆ ಸಿಗುವುದು ಎರಡು ತಿಂಗಳಿಗೆ, ಅಷ್ಟರಲ್ಲಿ ಮಾಲಾಳ ಮದುವೆಯೇ ಮುಗಿದಿರುತ್ತದೆ. ಹಿಂದಿನ ಗುರುವಾರ ನಿರ್ಮಲಾ ತನ್ನ ಅಕ್ಕನ ಸೀಮಂತಕ್ಕೆಂದು ಊರಿಗೆ ಹೊರಟಳು. ಹೊರಡುವ ಮುಂಚೆ ಮಾಲಾ ಬಂದು "ಶುರುವಿನಾಗೆ ಹೆಂಗಿತ್ತು, ತೋರ್ಸು" ಎಂದಳೆಂದು ಮೊಟ್ಟಮೊದಲ ಕರಡನ್ನು ಹೊರಗೆ ತೆಗೆದು ತೋರಿಸಿ, ಇಬ್ಬರೂ ನಕ್ಕು, ಅದನ್ನು ಹಾಗೇ ಬಿಟ್ಟು ಬಸ್ಸಿಗೆ ಓಡಿದಳು. ಅಂದರೆ ಮೇಜಿನ ಮೇಲೆ ಉಳಿದದ್ದು ಮೊದಲ ಕರಡು. ಕೊನೆಯದು ಇದ್ದದ್ದು ಒಳಕೋಣೆಯಲ್ಲಿ ಮಾತ್ರ.

ಅವಳ ಬಸ್ಸು ಊರು ದಾಟಿತ್ತೋ ಇಲ್ಲವೋ, ಭಾವ ಕಂಪ್ಯೂಟರಿನ ಮುಂದೆ ಕೂತರು. ಅಲ್ಲೊಂದು ಇಲ್ಲೊಂದು ಒತ್ತುತ್ತಾ, ಮರೆಯಲ್ಲಿರುವುದನ್ನೂ ತೋರಿಸು ಎಂಬ ಗುರುತಿನ ಮೇಲೂ ಒತ್ತಿಬಿಟ್ಟರು.

"ಓಂಕಾರ! ಬಾ ಇಲ್ಲಿ. ಬಾಗಿಲು ಹಾಕ್ಕಂಡು ಬಾ."

ಹೋದೆ. ಭಾವ ಪರದೆಗೆ ಬೆರಳು ಚುಚ್ಚಿ ತೋರಿಸಿದರು.

"ಮುಚ್ಚಿಟ್ಟ ದಫ್ತರು ಇದು. ನೋಡು, ಇನ್ನೂರಾ ಆರು ರುಮಾಲು ಐತೆ. ಹೆಸರು ನೋಡು. ಸೊನ್ನೆ ಎ. ಒಂದು ಎಫ್. ಮೂರು ಸಿ. ಇವು ಹೆಸರೇನೋ? ಒಂದೊಂದ್ರಾಗೆ ಒಂದು ಕಡತ, ಹೆಚ್ಚಂದ್ರೆ ಎರಡು, ಮೂರು. ಒಂದು ಕಾಗದಕ್ಕೆ ಒಂದು ರುಮಾಲು ಕಟ್ಟಿದ್ರೆ ಬಟ್ಟೆ ಎಲ್ಲಿಂದ ತರಾದು?"

ರುಮಾಲೊಂದನ್ನು ಬಿಚ್ಚಿದರು. ಒಳಗಿದ್ದ ಕಡತದ ಹೆಸರು ಮೂವತ್ತೆಂಟು ಅಕ್ಷರ ಉದ್ದ. ಅಂಕಿಗಳ ನಡುವೆ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳನ್ನು ಯಾರೋ ಎರಚಿದ್ದರು. ಕಡತವನ್ನು ತೆರೆದರೆ ಪೆಟ್ಟಿಗೆ, ಚುಕ್ಕಿ, ಕೊಂಬು, ತಲೆಬುಡವಿಲ್ಲದ ಗುರುತುಗಳು. ಭಾವನಿಗೆ ಹಳೆಯ ಮೋಡಿ ಲಿಪಿ ಓದಲು ಬರುತ್ತದೆ ಎಂದು ಅವರ ಕಚೇರಿಯಲ್ಲಿ ದೊಡ್ಡ ಹೆಸರಿತ್ತು. ಬರುವುದಿಲ್ಲ ಎಂಬುದು ನಮ್ಮಕ್ಕನಿಗೂ ನನಗೂ ಮಾತ್ರ ಗೊತ್ತು. ಅವರು ಕನ್ನಡಕ ಮೇಲಕ್ಕೆತ್ತಿ, ಕೆಳಗಿಳಿಸಿ, ಬಹಳ ಹೊತ್ತು ನೋಡಿದರು.

"ಮೋಡಿ ಅಲ್ಲ," ಎಂದರು ಕೊನೆಗೆ. "ಮೋಡಿ ಆಗಿದ್ರೆ ನನಗೆ ಗೊತ್ತಾಗ್ತಿತ್ತು."

"ನಿರ್ಮಲಾಗೆ ಒಂದು ಫೋನ್ ಮಾಡಿ ಕೇಳೋಣ ಭಾವ."

"ಯಾರ ವಶದಾಗೆ ಇದ್ದವೋ ಅವರನ್ನೇ ಕೇಳಿದ್ರೆ ಅದು ತನಿಖೆ ಹೆಂಗಾಗ್ತೈತೆ? ವಿಷಯ ಇಲ್ಲ, ಸಹಿ ಇಲ್ಲ, ಅರ್ಜಿದಾರನ ಹೆಸರಿಲ್ಲ. ನಾನೂರ ಹದಿನೇಳು ಅನಾಥ ಕಡತ! ನೀನು ಕಾರ್ಯದರ್ಶಿ ಅಂತ ಕೂತಿದ್ದೀಯಲ್ಲ, ನಿನಗೆ ನಿದ್ದೆ ಹೆಂಗೆ ಬಂತೋ?"

ನನಗೂ ಅದು ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅಕ್ಕನ ಗಂಡನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ "ಹೌದು ಭಾವ, ಬಹಳ ಅವ್ಯವಸ್ಥೆ" ಎನ್ನುವುದು ಸುಲಭವಾಗಿ ಕಂಡಿತು. ಎಂದೆ.

ಅಲ್ಲಿಂದ ಶುರುವಾಯಿತು. ಹಳೆಯ ಹೆಸರು ಬರೆದುಕೊಳ್ಳದೆ ಹೊಸ ಹೆಸರಿಡುವುದು ಭಾವನ ಪ್ರಕಾರ ಕಳ್ಳತನಕ್ಕೆ ಸಮ. ಉದ್ದನೆಯ ಒಂದು ರಿಜಿಸ್ಟರು ಬಂತು. ಗೆರೆ ಎಳೆದದ್ದಾಯಿತು. ರುಮಾಲಿನ ಎರಡಕ್ಷರ, ಕಡತದ ಮೂವತ್ತೆಂಟು, ಒಟ್ಟು ನಲವತ್ತು ಅಕ್ಷರಗಳನ್ನು ನಾನು ಓದುವುದು, ಅವರು ಮುತ್ತಿನಂಥ ಕೈಬರಹದಲ್ಲಿ ಬರೆಯುವುದು, ಆಮೇಲೆ ಅವರು ಓದುವುದು, ನಾನು ತಾಳೆ ನೋಡುವುದು. ಕಚೇರಿಯ ಪದ್ಧತಿಯಂತೆ ಹೊಸ ಕಡತ ಮೇಲೆ, ಹಳೆಯದು ಕೆಳಗೆ. ಹೆಸರು ದಾಖಲಾದ ಮೇಲೆ ಕಡತಕ್ಕೆ 'ಕ್ರಮ ಸಂಖ್ಯೆ ೧', 'ಕ್ರಮ ಸಂಖ್ಯೆ ೨' ಎಂಬ ಸಂಸಾರಸ್ಥರ ಹೆಸರು ಕೊಟ್ಟು ಎಲ್ಲವನ್ನೂ ಒಂದೇ ದೊಡ್ಡ ರುಮಾಲಿಗೆ ಸಾಗಿಸುವುದು.

ಪ್ರತಿ ಕಡತದ ಕೊನೆಯಲ್ಲಿ ಪುಟಸಂಖ್ಯೆ ಹಾಕಿ 'ನಾ.ಭೂ.' ಎಂದು ಸಣ್ಣ ಸಹಿ ಮಾಡಬೇಕೆಂದೂ ಅವರ ಆಸೆ. ಆದರೆ ಆ ಕಡತಗಳಿಗೆ 'ಓದಲು ಮಾತ್ರ' ಎಂಬ ಬೀಗವಿತ್ತು. "ಯಾರ ಆದೇಶ ಇದು?" ಎಂದು ಬೈಯುತ್ತಾ ಅದನ್ನು ತೆಗೆಯಲು ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯಿತು. ಮೂರು ಕಡತಗಳಿಗೆ ಸಹಿ ಹಾಕುವಷ್ಟರಲ್ಲಿ ಬೇಸರ ಬಂದು ಬಿಟ್ಟರು. ಆ ಬೇಸರಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಶುಕ್ರವಾರ ಸಂಘದ ಬಾಗಿಲಿಗೆ ಒಂದು ಪ್ರಕಟಣೆ ಬಿತ್ತು. "ಸಂಘದ ಕಚೇರಿಯಲ್ಲಿ ವಾರಸುದಾರರಿಲ್ಲದ ೪೧೭ (ನಾನೂರ ಹದಿನೇಳು) ಕಡತಗಳು ಪತ್ತೆಯಾಗಿದ್ದು, ಸಂಬಂಧಪಟ್ಟವರು ಹಕ್ಕು ಮತ್ತು ಆಕ್ಷೇಪಣೆಗಳನ್ನು ಸೋಮವಾರ ಸಂಜೆಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ನಿಯಮಾನುಸಾರ ವಿಲೇವಾರಿ ಮಾಡಲಾಗುವುದು."

ಯಾರೋ ಅದರ ಫೋಟೋ ತೆಗೆದರು. ಮಧ್ಯಾಹ್ನದೊಳಗೆ ಅದು ಎಲ್ಲರ ಮೊಬೈಲಿನಲ್ಲೂ ಇತ್ತು.

ಈ ತಾಲ್ಲೂಕಿನಲ್ಲಿ ಎಲ್ಲೋ ಒಂದು ಕಡತ ಕಳೆದುಕೊಳ್ಳದ ಮನುಷ್ಯ ಇದ್ದಾನೆಂದು ನಾನು ತಿಳಿದಿದ್ದೆ. ಇಲ್ಲ. ಶನಿವಾರ ಬೆಳಿಗ್ಗೆ ಬಾಗಿಲು ತೆರೆದಾಗ ಜನ ಬೀದಿಯ ತಿರುವಿನವರೆಗೆ ನಿಂತಿದ್ದರು.

ಮೊದಲು ಒಳಗೆ ಬಂದವಳು ನಮ್ಮ ಬೀದಿಯ ರಾಧಮ್ಮ. "ನಲ್ಲಿ ಹಾಕ್ಸಿಕೊಡಿ ಅಂತ ಅರ್ಜಿ ಕೊಟ್ಟಿದ್ದೆ ಸ್ವಾಮಿ. ಆಗ ನನ್ನ ಮಗ ಮೂರನೇ ಕ್ಲಾಸು. ಈಗ ಅವನ ಮಗ ಮೂರನೇ ಕ್ಲಾಸು. ಅದು ಇದ್ರಾಗೆ ಐತಾ?"

"ಇರಬಹುದು," ಎಂದರು ಭಾವ. "ಇಲ್ಲ ಅಂತ ಹೇಳೋಕೆ ದಾಖಲೆ ಇಲ್ಲ."

ಅವಳ ಹಿಂದೆ ಯರ್ರಮ್ಮ ಎಂಬಾಕೆ. "ಹದಿನೆಂಟು ಕುರಿ ಸತ್ತಿದ್ವು. ಫೋಟೋನೂ ಕೊಟ್ಟಿದ್ದೆ. ಕಿವಿ ಕತ್ತರಿಸಿ ತಗಂಬಾ ಅಂದ್ರು, ಅದನ್ನೂ ಕೊಟ್ಟಿದ್ದೆ. ಕಿವಿ ಇಲ್ಲೇ ಐತಾ?" ಚಳ್ಳಕೆರೆಯಿಂದ ಮೊದಲ ಬಸ್ಸಿಗೆ ಬೊಮ್ಮಲಿಂಗಪ್ಪ ಎಂಬ ಯಜಮಾನರು ಬಂದಿಳಿದರು. ಅವರಿಗೆ ಬೇಕಾಗಿದ್ದದ್ದು ತಾತನ ಕಾಲದ ಪಾಲುಪತ್ರ. ಭಾವನನ್ನು ನೋಡಿದವರೇ ನಿಂತುಬಿಟ್ಟರು.

"ಅಲ್ರೀ, ನೀವು ಚಳ್ಳಕೆರೆ ಕಿಟಕಿಯಾಗೆ ಕೂತಿದ್ದ ನಾಗಭೂಷಣ ಅಲ್ಲೇನ್ರೀ? ಹನ್ನೊಂದು ವರ್ಷ ನನ್ನ ಅಲೆಸಿದ್ರಲ್ರೀ!"

"ನಾನೇ ಯಜಮಾನ್ರೇ. ಅರ್ಜಿ ಬರ್ಕೊಡಿ. ಈ ಸಲ ಸ್ವೀಕೃತಿ ಕೊಡ್ತೀನಿ."

ಭಾವನ ಮುಖದಲ್ಲಿ ಅಂಥ ಕಳೆಯನ್ನು ನಾನು ಅವರ ಮದುವೆಯ ದಿನವೂ ಕಂಡಿರಲಿಲ್ಲ. ಎರಡು ದಿನದಲ್ಲಿ ಇನ್ನೂರ ಹನ್ನೆರಡು ಅರ್ಜಿ ಬಂದವು. ಒಬ್ಬ ಕಳೆದುಹೋದ ಜಾತಕ ಕೇಳಿದ. ಇನ್ನೊಬ್ಬ, ತನ್ನದು ಯಾವ ಕಡತವೆಂದು ನೆನಪಿಲ್ಲ, ಆದರೆ ಒಂದಂತೂ ಇತ್ತು, ಹೇಗೂ ಇರಲಿ ಎಂದು ಅರ್ಜಿ ಹಾಕಿದ. ನಮ್ಮಕ್ಕ ಊಟದ ಡಬ್ಬಿ ತಂದವಳು ಸಾಲು ನೋಡಿ, "ಇವರನ್ನ ಮನ್ಯಾಗೆ ಇಟ್ಕಂಡಿದ್ರೇ ಊರಿಗೆ ಒಳ್ಳೇದಿತ್ತೇನೋ" ಎಂದಳು.

ಸೋಮವಾರ ಜೀಪೊಂದು ಬಂದು ನಿಂತಿತು. ಇಳಿದವರು ಸಂಗಮೇಶ್ ಎಂಬ ಅಧಿಕಾರಿ. ಯಾವ ಇಲಾಖೆ ಎಂದು ಹೇಳುವುದು ಬೇಡ, ಇನ್ನೂ ಸೇವೆಯಲ್ಲಿದ್ದಾರೆ.

"ಏನ್ರೀ ಇದು? ನಾನೂರು ಚಿಲ್ಲರೆ ಕಡತ ಖಾಸಗಿ ಸಂಘದಾಗೆ ಹೆಂಗೆ ಬಂದ್ವು? ಮೂರು ಪ್ರತಿಯಲ್ಲಿ ವರದಿ ಕೊಡಿ. ಕಡತ ತೋರಿಸಿ."

ಭಾವ ತೋರಿಸಿದರು. ಅಧಿಕಾರಿ ಪೆಟ್ಟಿಗೆ, ಚುಕ್ಕಿ, ಕೊಂಬುಗಳನ್ನು ತಲೆ ಓರೆ ಮಾಡಿ ನೋಡಿದರು. "ಗೋಪ್ಯ ಲಿಪಿ ಇದ್ದಂಗೈತೆ. ಕುದಾಪುರದ ಸಂಶೋಧನಾ ಕೇಂದ್ರದ ವಿಜ್ಞಾನಿಗಳದ್ದೇನಾದ್ರೂ ಇಲ್ಲಿಗೆ ಬಂದು ಸೇರಿಕೊಂಡೈತಾ?"

ಈ ಮಾತು ಬಾಗಿಲಲ್ಲಿದ್ದವರ ಕಿವಿಗೆ ಬಿದ್ದದ್ದೇ ತಡ, ನಮ್ಮ ಸಂಘದ ಕಂಪ್ಯೂಟರಿನಲ್ಲಿ ರಾಕೆಟ್ಟಿನ ನಕ್ಷೆ ಇದೆ ಎಂಬ ಸುದ್ದಿ ಬಸ್ ಸ್ಟ್ಯಾಂಡ್ ತಲುಪಿತು. ಅಧಿಕಾರಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿ, ದನಿ ತಗ್ಗಿಸಿದರು. "ನೋಡ್ರಿ, ನಾನೂ ವರ್ಗಾವಣೆಗೆ ಅಂತ ಒಂದು ಅರ್ಜಿ ಕೊಟ್ಟಿದ್ದೆ. ಮೂರು ವರ್ಷ ಆತು. ಇದ್ರಾಗೇನಾದ್ರೂ..."

ಭಾವ ಇನ್ನೂರ ಹದಿಮೂರನೆಯ ಸ್ವೀಕೃತಿ ಬರೆದುಕೊಟ್ಟರು.

ಸಂಜೆ ಐದಕ್ಕೆ ಅವಧಿ ಮುಗಿಯಿತು. ಒಂದೊಂದೇ ಸಾಲಿನ ಏಳೆಂಟು ಪುಟಾಣಿ ಕಡತಗಳು ಬೇರೆಯೇ ಉಳಿದಿದ್ದವು. ಅವುಗಳಲ್ಲಿ ಇನ್ನೊಂದು ಕಡತದ ಹೆಸರು ಬಿಟ್ಟರೆ ಹೆಚ್ಚೇನೂ ಇಲ್ಲ. "ವಿಷಯ ಇಲ್ಲದ ಚೀಟಿ. ಇ ವರ್ಗ," ಎಂದು ತೀರ್ಪು ಕೊಟ್ಟು ಭಾವ ಅವನ್ನು ಅಳಿಸಿದರು. ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ನನ್ನ ಕೈಯಲ್ಲಿ ಸಾಕ್ಷಿ ಸಹಿ ಹಾಕಿಸಿಕೊಂಡರು.

ಮಂಗಳವಾರ ಬೆಳಿಗ್ಗೆ ನಿರ್ಮಲಾ ಬಂದಳು. ಅಂಗಳದಲ್ಲಿ ಅರ್ಜಿದಾರರ ಜಾತ್ರೆ. ಅವರನ್ನು ದಾಟಿ ಒಳಗೆ ಬಂದು, ಸೀಮಂತದ ಚಿಗಳಿ ಕೈಗಿಟ್ಟು, ಕಂಪ್ಯೂಟರ್ ಹಾಕಿದಳು. ಅದನ್ನು ಇದನ್ನು ಒತ್ತಿ ನೋಡಿದಳು. ಆಮೇಲೆ ಮೆಲ್ಲಗೆ, "ಸಾರ್, ಇಲ್ಲಿ ಏನೂ ಇಲ್ಲ ಅಂತೈತೆ," ಎಂದಳು.

"ಇಲ್ಲ ಅನ್ನೋದು ಹೆಂಗಮ್ಮ? ಎಲ್ಲಾ ಕ್ರಮ ಸಂಖ್ಯೆ ಪ್ರಕಾರ ಜೋಡಿಸಿದ್ದೀನಿ," ಎಂದು ಭಾವ ಹೆಮ್ಮೆಯಿಂದ ರಿಜಿಸ್ಟರು ಮುಂದಿಟ್ಟರು. "ನಿನ್ನ ಕಾಲದ ಅವ್ಯವಸ್ಥೆ ಎಲ್ಲಾ ಸರಿ ಹೋಗೈತೆ."

ನಿರ್ಮಲಾ ರಿಜಿಸ್ಟರನ್ನು ನೋಡಿದಳು, ಪರದೆಯನ್ನು ನೋಡಿದಳು. ಅವಳಿಗೆ ಬೈಯಲು ಬರುವುದಿಲ್ಲ. ಬಂದಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು. "ಅಜ್ಜಿ ಅಂಚು ಅದ್ರಾಗಿತ್ತು ಸಾರ್," ಎಂದವಳೇ ಮುಖ ತಿರುಗಿಸಿ ಕೂತಳು. ಬಾಯಿಗೆ ಹಾಕಿಕೊಳ್ಳಲಿದ್ದ ಚಿಗಳಿಯನ್ನು ನಾನು ಮೆಲ್ಲಗೆ ಮೇಜಿನ ಮೇಲಿಟ್ಟೆ.

ಸುದ್ದಿ ಹುಲಿಯಪ್ಪನ ಮನೆಗೆ ಹೋಯಿತು. ಅವನು ತಾಯಿಯನ್ನು ಕೈಹಿಡಿದು ಕರೆತಂದ. ಹುಲಿಯಪ್ಪನಿಗೆ ಬೈಯಲು ಬರುತ್ತದೆ. ಭಾವನ ಎದುರು, ಊಟದ ಡಬ್ಬಿ ತಂದು ನಿಂತಿದ್ದ ಅಕ್ಕನ ಮುಖ ನೋಡಿಕೊಂಡು ಹಲ್ಲು ಕಚ್ಚಿ, ಎಲ್ಲವನ್ನೂ ನನ್ನ ಮೇಲೆ ಸುರಿದ. "ಲೇ ಓಂಕಾರ, ನಿನ್ನ ಕಾರ್ಯದರ್ಶಿತನಕ್ಕೆ ಬೆಂಕಿ ಹಾಕ! ಒಂದು ಪೆನ್‌ಡ್ರೈವ್ ಕೊಡ್ಸಕ್ಕೆ ಆಗ್ಲಿಲ್ವೇನ್ಲೇ ನಿನಗೆ?"

"ಕೂಗಬ್ಯಾಡ," ಎಂದಳು ಲಕ್ಷ್ಮಕ್ಕ, ಕುರ್ಚಿಗಾಗಿ ತಡಕುತ್ತಾ. "ಹೋದ್ರೆ ಹೋಯ್ತು. ಇನ್ನೊಂದಪ ಹೇಳ್ತೀನಿ. ಇನ್ನೊಂದು ಎಂಟು ತಿಂಗಳು ನಾನು ಇರಬೇಕು ಅಷ್ಟೇ." ನಗುತ್ತಲೇ ಹೇಳಿದಳು. ಆದರೆ ಈಚೆಗೆ ಅಜ್ಜಿಗೆ ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತು.

ನಿರ್ಮಲಾ ಕಣ್ಣೊರೆಸಿಕೊಂಡು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದಳು. "ಕಡತ ಯಾವುದಾದ್ರೂ ಅಳಿಸಿದ್ದೀರಾ ಸಾರ್?"

"ಛೆ! ಚೀಟಿ ಮಾತ್ರ. ಕಡತ ನಾನೂರ ಹದಿನೇಳೂ ಐತೆ. ಹಳೆ ಹೆಸರು ಬೇಕಾ? ಒಂದೊಂದೂ ಬರೆದಿದ್ದೀನಿ, ನಾನು ಓದ್ತೀನಿ, ನೀನು..."

"ಬ್ಯಾಡ ಸಾರ್. ಹೆಸರು ಅವೇ ಹೇಳ್ತಾವೆ."

ಭಾವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ, ಆದರೆ ಆಗಲೇ ಕೇಳಿ ತಿಳಿದುಕೊಂಡೆ.

"ಈ ಹೆಸರು ನಾನು ಇಟ್ಟಿದ್ದಲ್ಲ ಸಾರ್," ಎಂದಳು ನಿರ್ಮಲಾ. "ಒಳಗೆ ಏನೈತೋ ಅದನ್ನ ಲೆಕ್ಕ ಹಾಕಿದ್ರೆ ಹೆಸರು ಹುಟ್ಟುತ್ತೆ. ಒಳಗಿರೋದು ಅದೇ ಆದ್ರೆ ಯಾರು ಎಲ್ಲಿ ಕೂತು ಲೆಕ್ಕ ಹಾಕಿದ್ರೂ ಅದೇ ನಲವತ್ತು ಅಕ್ಷರ. ಒಂದೇ ಒಂದು ಎಳೆ ಆಚೀಚೆ ಆದ್ರೆ ಹೆಸರು ಪೂರ್ತಿ ಬದಲು. ಮೊದಲ ಎರಡಕ್ಷರ ನೀವಂತೀರಲ್ಲ, ಆ ರುಮಾಲಿಗೆ. ಮಿಕ್ಕಿದ್ದು ಕಡತಕ್ಕೆ. ಬೇಗ ಹುಡುಕೋಕೆ ಹಂಗೆ ಮಾಡಿರೋದು. ನೀವು ಅಳಿಸಿದ ಚೀಟಿ, ಈಗ ಯಾವ ಕರಡಿನ ಹತ್ರ ಇದ್ದೀವಿ ಅಂತ ತೋರ್ಸೋ ಬೆರಳು. ಅದು ಹೋದ್ರೂ ಪರವಾಗಿಲ್ಲ. ಪ್ರತಿ ಕರಡಿನ ಟಿಪ್ಪಣಿಯಾಗೂ ಅದರ ಹಿಂದಿನದು ಯಾವುದು ಅಂತ ಬರ್ದಿರುತ್ತೆ."

ಭಾವ ರಿಜಿಸ್ಟರಿನ ಪುಟಗಳನ್ನು ಒಂದೊಂದಾಗಿ ತಿರುವಿದರು. "ಅಂದ್ರೆ ಕಡತಾನೇ ತನ್ನ ಹೆಸರು ಹೇಳುತ್ತಾ?" ಎಂದರು ಆಮೇಲೆ. "ಹಂಗಾದ್ರೆ ರೆಕಾರ್ಡ್ ಕೀಪರ್ ಯಾಕೆ?"

ಅವರು ರಿಜಿಸ್ಟರು ಮುಚ್ಚಿ ಬಗಲಲ್ಲಿಟ್ಟುಕೊಂಡು ಮೂಲೆಯ ಸ್ಟೂಲಿಗೆ ಹೋಗಿ ಕೂತರು. ನಾಲ್ಕು ದಿನದಿಂದ ಬೈದುಕೊಳ್ಳುತ್ತಿದ್ದ ನನಗೇ ಪಾಪ ಎನಿಸಿತು. ಅಕ್ಕ ಹೋಗಿ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು, ಅವರು ಅದಕ್ಕೆ ಸ್ವೀಕೃತಿಯನ್ನೂ ಕೊಡಲಿಲ್ಲ.

ಮಧ್ಯಾಹ್ನದವರೆಗೆ ನಿರ್ಮಲಾ ಏನೇನೋ ಬರೆದಳು. ಕಡತಗಳು ಒಂದೊಂದೇ ತಮ್ಮ ಹೆಸರು ಹೇಳಿ ತಮ್ಮ ತಮ್ಮ ರುಮಾಲಿಗೆ ಹೋಗಿ ಸೇರಿಕೊಂಡವು. ನಾನೂರು. ನಾನೂರ ಹತ್ತು. ನಾನೂರ ಹದಿನಾಲ್ಕಕ್ಕೆ ನಿಂತವು. ಪರದೆಯ ಮೇಲೆ ಎಲೆ, ತೊಟ್ಟು, ಎಳೆಗಳು ಮೂಡಿದ್ದನ್ನು ಕಿಟಕಿಯಿಂದ ಇಣುಕಿ ನೋಡಿದ ರಾಧಮ್ಮ, "ಅಯ್ಯೋ, ಎಲ್ಲಾ ಬರೀ ಎಲೆನಾ? ನನ್ನ ನಲ್ಲಿ?" ಎಂದಳು.

"ಇನ್ನು ಮೂರು ಕಡತ ಮಾತಾಡ್ತಿಲ್ಲ," ಎಂದಳು ನಿರ್ಮಲಾ. "ಒಳಗೆ ಯಾರೋ ಏನೋ ತಿದ್ದಿದ್ದಾರೆ."

ನಾನು ಭಾವನನ್ನು ನೋಡಿದೆ. ಭಾವ ಮಜ್ಜಿಗೆಯನ್ನು ನೋಡಿದರು. "ಪುಟಸಂಖ್ಯೆ ಹಾಕಿದ್ದೆ," ಎಂದರು. "ಸಹಿನೂ."

ಹೊಸದು ಮೇಲೆ, ಹಳೆಯದು ಕೆಳಗೆ. ಒಂದೊಂದು ಕರಡಿಗೆ ಹೆಚ್ಚೂಕಡಿಮೆ ಮೂರು ಕಡತ; ಭಾವ ಸಹಿ ಹಾಕಿದ ಮೊದಲ ಮೂರು ಎಂದರೆ ಕೊನೆಯ ಕರಡು, ಅದನ್ನು ಸೇರಿಸಿದ ಪಟ್ಟಿ, ಯಾಕೆ ಸೇರಿಸಿದ್ದು ಎಂಬ ಟಿಪ್ಪಣಿ. ಮೂರೂ ಹಾಳು. ನೂರ ನಲವತ್ತೆರಡು ಕರಡು ಸಿಕ್ಕವು, ಬೇಕಾದ ನೂರ ನಲವತ್ತಮೂರನೆಯದು ಸಿಗಲಿಲ್ಲ. ಕೊನೆಯ ಸಲ ಅಜ್ಜಿ ತಿದ್ದಿಸಿದ್ದು ಒಂದೇ ಒಂದು ಜಾಗ. ಯಾವುದು?

"ನಂಗೊತ್ತು," ಎಂದ ಹುಲಿಯಪ್ಪ. "ಅವತ್ತು ನಾನೂ ಇದ್ದೆ. ಎಲೆ ಒಂದು ಎಳೆ ಬಲಕ್ಕೆ ಸರಿಸಿದ್ದು."

"ಇಲ್ಲಣ್ಣ, ತೊಟ್ಟು ದಪ್ಪ ಮಾಡಿದ್ದು ಅನ್ಸುತ್ತೆ," ಎಂದಳು ನಿರ್ಮಲಾ.

"ಚಿಗುರಿನ ತುದಿ ಎರಡೆಳೆ ಕೆಳಕ್ಕೆ ಬಗ್ಗಿಸಿದ್ದು," ಎಂದಳು ಲಕ್ಷ್ಮಕ್ಕ.

"ಅವ್ವಾ, ನಿನಗೆ ಈಗ ಏನೂ ನೆಪ್ಪಿರಲ್ಲ. ಸುಮ್ಕಿರು."

"ನಿನಗೆ ನೆಪ್ಪಿರಾದು ನಿನ್ನ ಬೀಡಿ ಎಲ್ಲೈತೆ ಅನ್ನೋದೊಂದೇ. ನೀನು ಸುಮ್ಕಿರು."

ಜಗಳ ಬೆಳೆಯಿತು. ಅಂಗಳದ ಅರ್ಜಿದಾರರು ತಮ್ಮ ಕಡತಗಳನ್ನು ಮರೆತು ಮೂರು ಪಕ್ಷವಾದರು. ಯರ್ರಮ್ಮ ಅಜ್ಜಿಯ ಕಡೆ. ಬೊಮ್ಮಲಿಂಗಪ್ಪನವರು, ಪಾಲುಪತ್ರದ ಅನುಭವದಿಂದ, ಮೂರನ್ನೂ ಸಮನಾಗಿ ಸೇರಿಸಿಬಿಡಿ ಎಂದರು. ನಾಳೆ ಬೆಳಿಗ್ಗೆ ರಟ್ಟಿನವನು ಬರುತ್ತಾನೆ. ಯಾರ ಮಾತು ಸರಿ ಎಂದು ಹೇಳಬಲ್ಲ ಕಾಗದ ಒಂದೂ ಇರಲಿಲ್ಲ.

ಆಗ ಮೂಲೆಯಿಂದ ಭಾವ ಎದ್ದರು.

"ಅಮ್ಮ ನಿರ್ಮಲಾ. ಒಳಗಿರೋದು ಅದೇ ಆದ್ರೆ ಹೆಸರೂ ಅದೇ ಬರುತ್ತೆ ಅಂದೆಯಲ್ಲ?"

"ಹೌದು ಸಾರ್."

"ಯಾವಾಗ ಲೆಕ್ಕ ಹಾಕಿದ್ರೂ?"

"ಯಾವಾಗ ಹಾಕಿದ್ರೂ."

"ಸಹಿ ಹಾಕೋಕೆ ಮುಂಚೆ ಆ ಮೂರರ ಹೆಸರೂ ನಾನು ಬರ್ಕೊಂಡಿದ್ದೀನಿ."

ನಿರ್ಮಲಾ ಓಡಿಹೋಗಿ ಕುರ್ಚಿ ಎಳೆದು ಭಾವನನ್ನು ತನ್ನ ಪಕ್ಕ ಕೂರಿಸಿಕೊಂಡಳು. ರಿಜಿಸ್ಟರಿನ ಮೊದಲ ಪುಟ ತೆರೆಯಿತು.

ಮೊದಲು ಹುಲಿಯಪ್ಪನ ಎಲೆ. ನೂರ ನಲವತ್ತೆರಡನೆಯ ಕರಡು ತೆರೆದು ಅವಳು ಅದನ್ನು ಸರಿಸಿದಳು, ಯಂತ್ರ ಹೆಸರು ಹೇಳಿತು. "ಏಳು, ಬಿ," ಎಂದು ಓದಿದಳು. ಭಾವ ಮೂರು ಸಾಲುಗಳ ಮೇಲೂ ಬೆರಳಾಡಿಸಿ, "ದಾಖಲೆಯಲ್ಲಿ ಇಲ್ಲ," ಎಂದರು. ಹುಲಿಯಪ್ಪನ ಪಕ್ಷ ಹಿಂದೆ ಸರಿಯಿತು. ನಿರ್ಮಲಾಳ ತೊಟ್ಟು. "ಸಿ, ಒಂದು." ಅದೂ ಇಲ್ಲ. ಕೊನೆಗೆ ಅಜ್ಜಿಯ ಚಿಗುರು. ಎರಡು ಎಳೆ ಕೆಳಕ್ಕೆ.

"ಒಂಬತ್ತು, ಡಿ."

ಭಾವನ ಬೆರಳು ಮೂರನೆಯ ಸಾಲಿನ ಮೇಲೆ ನಿಂತಿತು. "ಐತೆ," ಎಂದರು. "ಮುಂದೆ."

"ನಾಲ್ಕು. ಸೊನ್ನೆ. ಎಫ್. ಎರಡು."

"ಐತೆ. ಐತೆ. ಐತೆ. ಐತೆ."

ಅಂಗಳದವರೆಲ್ಲ ಕಿಟಕಿಗೆ ಮುತ್ತಿಕೊಂಡರು. ಇಪ್ಪತ್ತನೆಯ ಅಕ್ಷರಕ್ಕೆ ಭಾವ ಕನ್ನಡಕ ಒರೆಸಿಕೊಳ್ಳಲು ನಿಂತಾಗ ಅಕ್ಕ, "ಈಗೇನು ಒರೆಸ್ತೀರಿ, ಮೊದಲು ಮುಗಿಸ್ರಿ!" ಎಂದು ಗದರಿದಳು. ಮೂವತ್ತೆಂಟು. ಮೂವತ್ತೊಂಬತ್ತು. "ಎ," ಎಂದಳು ನಿರ್ಮಲಾ.

"ಎ," ಎಂದರು ಭಾವ. "ನಲವತ್ತೂ ತಾಳೆಯಾಗೈತೆ."

ಆಮೇಲೆ ಎದ್ದ ಗದ್ದಲವನ್ನು ನಾನು ವರ್ಣಿಸಲಾರೆ. ನಿರ್ಮಲಾ ಅಳುತ್ತಾ ನಗುತ್ತಾ ಅಜ್ಜಿಯನ್ನು ತಬ್ಬಿಕೊಂಡಳು. ಹುಲಿಯಪ್ಪ, ಬೈದದ್ದು ಬೇಜಾರು ಮಾಡ್ಕಬ್ಯಾಡ ಎಂದು ನನಗೆ ಹೇಳುವ ಬದಲು ಭಾವನ ಕಾಲು ಮುಟ್ಟಿದ. ಜನರೆಲ್ಲ ಭಾವನ ಕೈ ಕುಲುಕುತ್ತಿದ್ದರು. ಲಕ್ಷ್ಮಕ್ಕ ಮಾತ್ರ ಕೂತಲ್ಲೇ ಕೂತು, "ಆ ಸಾಲು ಒಂದಪ ಓದು ಮಗಾ," ಎಂದಳು.

ನಿರ್ಮಲಾ ಓದಿದಳು. "ಮೂಡು ಎತ್ತು, ರೆಂಡು ವದುಲು, ಒಕಟಿ ಎತ್ತು..."

ಅಜ್ಜಿ ತಲೆ ಅಲ್ಲಾಡಿಸಿದಳು. "ತಪ್ಪು. ತುದಿ ಇನ್ನೊಂದೆಳೆ ಬಗ್ಗಬೇಕು."

"ಅವ್ವಾ!" ಎಂದು ಹುಲಿಯಪ್ಪ ತಲೆ ಚಚ್ಚಿಕೊಂಡ. "ಮಿಷನ್ನು, ರಿಜಿಸ್ಟ್ರು ಎರಡೂ ಸರಿ ಅಂದಾವಲ್ಲ!"

"ಅವತ್ತು ನಾನು ಏನು ಹೇಳಿದ್ದೆ ಅನ್ನೋದು ಸರಿಯಾಗಿ ಹೇಳ್ಯಾವೆ. ಅವತ್ತು ನಾನೇ ತಪ್ಪು ಹೇಳಿದ್ದೆ ಕಣೋ."

ಅಜ್ಜಿಗೆ ನೆನಪಾದದ್ದೋ, ನೆನಪು ತಪ್ಪಿದ್ದೋ, ಹೇಳುವವರು ಯಾರು? ನಿರ್ಮಲಾ ಒಂದು ಕ್ಷಣ ಅಜ್ಜಿಯ ಮುಖ ನೋಡಿದಳು. ಆಮೇಲೆ ಚಿಗುರಿನ ತುದಿಯನ್ನು ಇನ್ನೊಂದು ಎಳೆ ಬಗ್ಗಿಸಿ, ಹಳೆಯದನ್ನು ಹಾಗೇ ಇಟ್ಟು, ಹೊಸದನ್ನು ಉಳಿಸಿದಳು. ಸಾಲನ್ನು ಮತ್ತೆ ಓದಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿ, ಮಡಿಲಲ್ಲಿದ್ದ ಕೈಬೆರಳುಗಳನ್ನು ಎಣಿಕೆಗೆ ತಕ್ಕಂತೆ ಎತ್ತಿ ಇಳಿಸಿ, "ಹ್ಞಾ, ಇದು," ಎಂದಳು.

ಗಡಿಯಾರ ಐದೂವರೆ ತೋರಿಸುತ್ತಿತ್ತು. "ನಡೀರಿ ಮನೆಗೆ," ಎಂದಳು ಅಕ್ಕ.

ಭಾವ ಅಲ್ಲಾಡಲಿಲ್ಲ. ರಿಜಿಸ್ಟರಿನ ಕೊನೆಯ ಪುಟಕ್ಕೆ ಹೋಗಿ, ಸ್ಕೇಲು ಇಟ್ಟು ಹೊಸದೊಂದು ಗೆರೆ ಎಳೆದು, 'ಕ್ರಮ ಸಂಖ್ಯೆ ೪೧೮' ಎಂದು ಬರೆದು, ಪೆನ್ನು ಹಿಡಿದು ನಿರ್ಮಲಾಳ ಕಡೆ ತಿರುಗಿದರು.

"ಹೇಳಮ್ಮ," ಎಂದರು. "ಮೊದಲನೇ ಅಕ್ಷರ?"